ಮೊದಲ ಬ್ರೇಕಿಗೆ ಮನೆ ಮಂದಿ

ಹರಿಹರ
8 ಜೂನ್ 1979

ಉಮಾಮಹೇಶ್ವರಿ ಮೇಡಂ ಅವರಿಗೆ,

ಹರಿಹರದ ಗಾಡಿ ಮೇಸ್ತ್ರಿ ಹಯಾತ್ ಸಾಬ್ ಮಾಡುವ ಸಲಾಂ. ಬರೆಯೋಳು ಅವರ ಹೆಂಡ್ತಿ ಸಿದ್ದೀಕಾ. ಇವರಿಗೆ ಉರ್ದು ಅಕ್ಷರ ಬಿಟ್ರೆ ಬ್ಯಾರೆ ಬರಲ್ಲ, ಅದೂ ಅಷ್ಟಕ್ಕಷ್ಟೆ. ನಾನು ಮಲೆಬೆನ್ನೂರಿನ ಕನ್ನಡ ಸಾಲ್ಯಾಗೆ ಏಳನೇ ಕ್ಲಾಸು ಮುಗಿಸೀನಿ. ಹಂಗಾಗಿ ಬಾಯಿ ಇವರದು, ಕೈ ನಂದು. ತಪ್ಪಿದ್ರೆ ಕೈಯನ್ನ ಬೈರಿ.

ನೀವು ನಾಗಪುರದ ಬ್ಯಾಂಕಿಗೆ ವರ್ಗ ಆಗಿ ಹೋದ ಮ್ಯಾಲೆ ನಿಮ್ಮ ಚಾವಣಿ ಇಲ್ಲದ ಹಳೇ ಎಂ.ಜಿ. ಕಾರನ್ನ ಪೂರ್ತಿ ಬಿಚ್ಚೀವಿ. ಮೈ ಒಂದು ಕಡೆ, ಚಾಸಿ ಒಂದು ಕಡೆ, ಇರೋ ಎರಡು ಸೀಟೂ ನಮ್ಮ ಪಡಸಾಲ್ಯಾಗೆ. ಒಂದರ ಮ್ಯಾಲೆ ನಮ್ಮತ್ತೆ ಹಜೀರಾಬೀ ಕುಂತು ಅಕ್ಕಿ ಆರಿಸ್ತಾರೆ. ಬ್ಯಾಡ ಅಂದ್ರೆ ಕೇಳಲ್ಲ. "ಇಷ್ಟು ಮೆತ್ತಗಿನ ಕುರ್ಚಿನ ಕಾರಿನಾಗೆ ಹಾಕಿ ಹಾಳು ಮಾಡ್ಯಾರೆ" ಅಂತಾರೆ.

ಇನ್ನು ಇವರು ಹೇಳಿದ್ದು. ಗಾಡಿ ಮ್ಯಾಲಿಂದ ನೋಡಿದ್ರೆ ಮದುಮಗ, ಕೆಳಗಿಂದ ನೋಡಿದ್ರೆ ಜರಡಿ. ಅಷ್ಟು ವರ್ಷದ ಕೆಸರು ತಳದಾಗೆ ಕುಂತು ಕಬ್ಬಿಣನ ತಿಂದೈತೆ. ಮಡ್‌ಗಾರ್ಡಿನ ಅಂಚು ಹಪ್ಪಳದಂಗೆ ಮುರೀತದೆ. ಬಾಗಿಲ ಕೆಳಗಿನ ಕಟ್ಟಿಗೆ ಕೊಳೆತೈತೆ. ಬ್ರೇಕಿನ ಎಣ್ಣೆ ಹೋಗೋ ಪೈಪು ತುಕ್ಕು ಹಿಡಿದು ಒಡೆದೈತೆ. ಆವತ್ತು ಮಲೆಬೆನ್ನೂರು ರೋಡಿನಾಗೆ ನಿಮಗೆ ಬ್ರೇಕು ಸಿಗದೇ ಇದ್ದದ್ದು ಅದಕ್ಕೇ. ಗಾಡಿ ಗದ್ದೆಗೆ ಇಳಿದದ್ದು ನಿಮ್ಮ ಪುಣ್ಯ. ಆ ಕಡೆ ನೀರಿನ ಚಾನಲ್ಲಿಗೆ ಇಳಿದಿದ್ರೆ ಟ್ರ್ಯಾಕ್ಟರಿಗೆ ಕಟ್ಟಿ ನಮ್ಮ ಶೆಡ್ಡಿಗೆ ತರೋ ಮಾತೇ ಇರ್ತಿರಲಿಲ್ಲ.

ಮೊದಲು ಚಾಸಿ ಕೆರೆದು ರೆಡ್ ಆಕ್ಸೈಡು ಬಳಿಯೋದು. ಆಮ್ಯಾಲೆ ಬ್ರೇಕು. ಕಟ್ಟಕಡೆಗೆ ಮೈ. ಮೈ ಕುಂದ್ರಿಸಿಬಿಟ್ರೆ ಬ್ರೇಕಿನ ಪೈಪಿಗೆ ಕೈ ಹೋಗಲ್ಲ, ಅದಕ್ಕೆ ಈ ವರಸೆ ಅಂತ ಹೇಳ್ತಾರೆ. ದಸರಾದೊಳಗೆ ಗಾಡಿ ಕೈಗೆ ಕೊಡ್ತಾರಂತೆ.

ಹಯಾತ್ ಸಾಬ್
(ಕೈ: ಸಿದ್ದೀಕಾ)


ನಾಗಪುರ
19 ಜೂನ್ 1979

ಹಯಾತ್ ಸಾಬರಿಗೆ,

ಕಾಗದ ಬಂತು. ತೂತಿಗೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆಯುವ ಕೆಲಸ ನನಗೆ ಬೇಡ. ಹಾಗೆ ಮಾಡುವವರು ದಾವಣಗೆರೆಯಲ್ಲೇ ಬೇಕಾದಷ್ಟು ಜನ ಸಿಗ್ತಿದ್ದರು. ನಿಮ್ಮದು ಕಲಾಯಿ ಮಾಡುವವರ ಮನೆತನ, ತಗಡಿಗೆ ತವರ ಹಿಡಿಸಿ ತೂತು ಮುಚ್ಚೋದು ನಿಮಗೆ ಕೈವಶ ಅಂತ ಟ್ರ್ಯಾಕ್ಟರಿನವನು ಹೇಳಿದ್ದಕ್ಕೇ ಗಾಡಿಯನ್ನು ನಿಮ್ಮಲ್ಲಿ ಬಿಟ್ಟೆ.

ಬ್ರೇಕು ಹೋಗಿತ್ತು ಅನ್ನುವ ವಿಷಯ ದಾವಣಗೆರೆಯಿಂದ ಯಾರು ಬಂದು ಕೇಳಿದರೂ ಬಾಯಿ ಬಿಡಬೇಡಿ. ಕೆ.ಬಿ. ಬಡಾವಣೆಯ ಮನೆಯಲ್ಲಿ ನಮ್ಮಣ್ಣನಿಗೆ ತಳ ತುಕ್ಕು ಹಿಡಿದಿದೆ, ರಿಪೇರಿಗೆ ಬಿಟ್ಟಿದ್ದೀನಿ ಅಂತಷ್ಟೇ ಹೇಳಿದ್ದೀನಿ. ಗದ್ದೆಗೆ ಇಳಿದದ್ದು ಗೊತ್ತಾದರೆ ಅವನು ಗಾಡಿಯನ್ನು ಗುಜರಿಗೆ ಹಾಕಿ, ಅಳಬೇಡ ಅಂತ ನನಗೊಂದು ರೇಷ್ಮೆ ಸೀರೆ ತಂದುಕೊಡ್ತಾನೆ. ನನ್ನ ಹತ್ತಿರ ಸೀರೆ ಇವೆ.

ದಸರಾಕ್ಕೆ ರಜೆ ಹಾಕಿದ್ದೀನಿ. ಗಾಡಿಯನ್ನು ನಾನೇ ಓಡಿಸಿಕೊಂಡು ಊರಿಗೆ ಹೋಗಬೇಕು.

ನಿಮ್ಮ ತಾಯಿಯವರು ಸೀಟಿನ ಮೇಲೆ ಧಾರಾಳವಾಗಿ ಕೂತಿರಲಿ. ಅಕ್ಕಿ ಮಾತ್ರ ಸಂದಿಗೆ ಬೀಳದಂತೆ ನೋಡಿಕೊಳ್ಳಿ, ಇಲಿ ಬರ್ತಾವೆ.

ಉಮಾಮಹೇಶ್ವರಿ


ಹರಿಹರ
12 ಜುಲೈ 1979

ಉಮಕ್ಕಾರಿಗೆ,

ಮೇಡಂ ಅಂತ ಬರೆದ್ರೆ ಬ್ಯಾಂಕಿನ ಕಟಕಟೆ ಮುಂದೆ ನಿಂತಂಗೆ ಆಗ್ತದೆ, ಅಕ್ಕಾರೆ ಅಂತೀನಿ, ಸಿಟ್ಟು ಮಾಡ್ಕಬ್ಯಾಡ್ರಿ.

ಚಾಸಿ ಮುಗೀತು. ತಂತಿ ಬ್ರಷ್ಷಿನಾಗೆ ಉಜ್ಜಿ ಉಜ್ಜಿ ಇವರ ಗಡ್ಡ ಎಲ್ಲ ಕೆಂಪಗಾಗಿತ್ತು. ತೂತು ಬಿದ್ದ ಕಡೆ ಹೊಸ ಪಟ್ಟಿ ವೆಲ್ಡಿಂಗ್ ಮಾಡಿ, ರೆಡ್ ಆಕ್ಸೈಡು ಬಳಿದು, ಅದರ ಮ್ಯಾಲೆ ಡಾಂಬರು ಹಚ್ಚ್ಯಾರೆ. ಇನ್ನು ಎಂಥ ಕೆಸರು ಬಂದ್ರೂ ನಾಚ್ಕಂಡು ಹೋಗ್ತದಂತೆ. ಬ್ರೇಕಿನ ಡ್ರಮ್ಮು ಲೇತಿನ ಮಾಲತೇಶಪ್ಪಾರ ಹತ್ರ ಕಡಸಕ್ಕೆ ಕೊಟ್ಟಾರೆ. ಹೊಸ ಪೈಪು, ಹೊಸ ರಬ್ಬರು ಬಂದಾವೆ. ನಾಳೆಯಿಂದ ಬ್ರೇಕಿನ ಕೆಲಸ.

ಇಲ್ಲಿಗೆ ಇವರ ಮಾತು ಮುಗೀತು. ಇವರು ಮಸೀದಿಗೆ ಹೋದ್ರು. ಇನ್ನು ನಂದು.

ಅಕ್ಕಾರೆ, ಇವರ ಉಸ್ತಾದ್ ಹುಬ್ಬಳ್ಳ್ಯಾಗೆ ಕಲಿಸಿದ ಒಂದು ನೇಮ ಐತೆ. ಬ್ರೇಕು ಕಟ್ಟಿದ ಮ್ಯಾಲೆ ಗಾಡಿನ ಯಜಮಾನರಿಗೆ ಕೊಡೋಕೆ ಮುಂಚೆ, ಮೇಸ್ತ್ರಿ ತನ್ನ ಮನೆ ಮಂದಿನ ಪಕ್ಕಕ್ಕೆ ಕುಂದ್ರಿಸ್ಕಂಡು ಒಂದು ಸಲ ಜೋರಾಗಿ ಓಡಿಸಿ ಗಕ್ಕನೆ ಹಿಡೀಬೇಕು. ಕಂಡೋರ ಮಕ್ಕಳನ್ನ ಕುಂದ್ರಿಸೋ ಮುಂಚೆ ನಿನ್ನೋರನ್ನ ಕುಂದ್ರಿಸು ಅಂತ ಉಸ್ತಾದ್ ಹೇಳಿದ್ರಂತೆ. ಯಜಮಾನರು ಕುಂತ್ರೆ ಲೆಕ್ಕಕ್ಕಿಲ್ಲ. ನಾನು ಮದುವ್ಯಾಗಿ ಬಂದಾಗಿಂದ ಮನೆ ಮಂದಿ ಅಂದ್ರೆ ನಾನೇ. ರೈಸ್ ಮಿಲ್ಲಿನ ಲಾರಿಯಾಗೆ ಕುಂತೀನಿ, ಮುನಿಸಿಪಾಲ್ಟಿ ಜೀಪಿನಾಗೆ ಕುಂತೀನಿ, ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮ್ಯಾಲೂ ಕುಂತೀನಿ. ಹೊಳೆ ಸೇತುವೆ ಕಡೆ ಇಳಿಜಾರಿನಾಗೆ ಇವರು ಬ್ರೇಕು ಒತ್ತಿದ್ರೆ ಕರುಳು ಬಾಯಿಗೆ ಬರ್ತದೆ. ನಂಗೆ ಖುಷಿನೇ ಆಗ್ತಿತ್ತು, ಸುಳ್ಳು ಯಾಕ ಹೇಳ್ಲಿ.

ಈ ಸಲ ಆಗಲ್ಲ. ನಂಗೆ ದಿನ ನಿಂತೈತೆ.

ಇದಕ್ಕೆ ಮುಂಚೆ ಎರಡು ಸಲ ನಿಂತು ಎರಡು ಸಲಾನೂ ಉಳೀಲಿಲ್ಲ. ಎರಡು ಸಲಾನೂ ಇವರು ಖುಷಿಗೆ ಬಜಾರಿಗೆಲ್ಲ ಪೇಡೆ ಹಂಚಿದ್ರು. ಜನರ ಕಣ್ಣು ಬಿತ್ತು ಅಂತ ನಮ್ಮತ್ತೆ ಅತ್ತರು. ಅದಕ್ಕೆ ಈ ಸಲ ಐದು ತಿಂಗಳು ತುಂಬೋ ತನಕ ಮನ್ಯಾಗೆ ಯಾರಿಗೂ ಬಾಯಿ ಬಿಡಬಾರದು ಅಂತ ಮನಸ್ಸಿನಾಗೇ ಹರಕೆ ಹೊತ್ತೀನಿ. ನಿಮಗೆ ಬಾಯಿ ಬಿಟ್ಟಿಲ್ಲ, ಪೆನ್ನಿನಾಗೆ ಹೇಳೀನಿ, ಅದಕ್ಕೆ ದೋಷ ಇಲ್ಲ ಅಂತ ತಿಳ್ಕಂಡೀನಿ. ಯಾರಿಗಾದ್ರೂ ಹೇಳದೇ ಇದ್ರೆ ನನ್ನ ಎದೆ ಒಡೀತಿತ್ತು.

ಬ್ರೇಕು ರೆಡಿ ಆದ ದಿನ ಇವರು "ಹತ್ತು" ಅಂತಾರೆ. ಹತ್ತಲ್ಲ ಅಂದ್ರೆ ನನ್ನ ಕೆಲಸದ ಮ್ಯಾಲೆ ನಿನಗೇ ನಂಬಿಕೆ ಇಲ್ಲ ಅಂತಾರೆ. ಏನು ಮಾಡ್ಲಿ ಹೇಳ್ರಿ.

ಸಿದ್ದೀಕಾ


ನಾಗಪುರ
23 ಜುಲೈ 1979

ಹಯಾತ್ ಸಾಬರಿಗೆ,

ಚಾಸಿ ಮುಗಿದದ್ದು ಸಂತೋಷ. ಬ್ರೇಕಿಗೆ ಅವಸರ ಮಾಡಬೇಡಿ. ನಿಧಾನವಾಗಿ ಮಾಡಿ.

ಉಮಾಮಹೇಶ್ವರಿ

ಸಿದ್ದೀಕಾ, ಈ ಎರಡನೇ ಹಾಳೆ ಓದಿ ಹೇಳಬೇಡ.

ಮೇಲೆ ಅವಸರ ಮಾಡಬೇಡಿ ಅಂತ ಬರೆದಿದ್ದೀನಲ್ಲ, ಅಂಥ ಮಾತು ನಾನು ಜೀವಮಾನದಲ್ಲಿ ಯಾವ ಮೇಸ್ತ್ರಿಗೂ ಹೇಳಿದವಳಲ್ಲ. ನಿನಗೋಸ್ಕರ ಬರೆದೆ.

ನಾನು ಮದುವೆಯಾದವಳಲ್ಲ, ಇಂಥದರಲ್ಲಿ ಬುದ್ಧಿ ಹೇಳೋಕೆ ನನಗೆ ಬರಲ್ಲ. ಆದರೂ ಕೇಳ್ತೀನಿ, ಗಂಡನಿಗೊಬ್ಬನಿಗೆ ಹೇಳಿದರೆ ಏನಾಗ್ತದೆ? ನೀನು ಆ ಗಾಡಿಗೆ ಹತ್ತಲೇ ಕೂಡದು. ಆ ಸೀಟಿನಲ್ಲಿ ಬ್ರೇಕು ಹಿಡಿದರೆ ಎದುರಿನ ಹಲಗೆಗೆ ಹೊಟ್ಟೆ ಬಡಿಯುತ್ತೆ, ನನಗೆ ಗೊತ್ತು. ನನ್ನ ಗಾಡಿಯ ದೆಸೆಯಿಂದ ನಿನಗೇನಾದರೂ ಆದರೆ ಆಮೇಲೆ ನನಗೆ ಗಾಡಿಯೂ ಬೇಡ, ಮುಖ ತೋರಿಸೋದೂ ಬೇಡ.

ಚೆನ್ನಾಗಿ ಊಟ ಮಾಡು. ಹುಳಿ ಬೇಕೆನಿಸಿದರೆ ಹುಳಿ ತಿನ್ನು.

ಉಮಕ್ಕ


ಹರಿಹರ
17 ಆಗಸ್ಟ್ 1979

ಉಮಕ್ಕಾರಿಗೆ,

ಇವರು ಹೇಳಿದ್ದು ಇಷ್ಟೇ: ಮೈ ಕೆಲಸ ನಡೆದೈತೆ, ಬ್ರೇಕು ಇನ್ನೂ ಸರಿ ಬಂದಿಲ್ಲ. ಮುಗೀತು. ಇನ್ನು ನನ್ನ ಗೋಳು ಕೇಳ್ರಿ.

ನಮ್ಮನೆಯವರಿಗೆ ಏನಾಗೈತೋ ಗೊತ್ತಿಲ್ಲ ಅಕ್ಕಾರೆ. ಹೋದ ತಿಂಗಳು ಬ್ರೇಕು ಕಟ್ಟಿದ್ರು. ನಾಳೆ "ಹತ್ತು" ಅಂತಾರೆ ಅಂತ ನಾನು ಹೆದರ್ಕಂಡೇ ಮಲಗಿದ್ದೆ. ಬೆಳಗ್ಗೆ ಎದ್ದು ನೋಡಿದ್ರೆ ಎಲ್ಲ ಬಿಚ್ಚಿ ಇಟ್ಟಾರೆ! "ಎಣ್ಣೆ ಜಿನುಗ್ತದೆ" ಅಂದ್ರು. ಮತ್ತೆ ಕಟ್ಟಿದ್ರು, ಮತ್ತೆ ಬಿಚ್ಚಿದ್ರು. ಈಗ ಬ್ರೇಕು ಇರ್ಲಿ ಅಂತ ಮೈ ಕುಂದ್ರಿಸಿಬಿಟ್ಟಾರೆ. ಮೈ ಕುಂದ್ರಿಸಿದ ಮ್ಯಾಲೆ ಕೈ ಹೋಗಲ್ಲ ಅಂದೋರು ಇವರೇ ಅಲ್ವೇನ್ರಿ? ಈಗ ದಿನಾ ಮಧ್ಯಾಹ್ನ ಬ್ರೇಕು ನೋಡ್ತೀನಿ ಅಂತ ಗಾಡಿ ಕೆಳಗೆ ಹೋಗಿ ಮಲಗ್ತಾರೆ. ನಿನ್ನೆ ಗೊರಕೆ ಕೇಳಿಸಿದಂಗಾತು. ರಂಜಾನಿನ ರೋಜಾ ಉಪವಾಸ ಇರೋದಕ್ಕೆ ಸುಸ್ತು ಅಂತ ಸುಮ್ಮನಾದೆ.

ಮೊದಲು ಮಡ್‌ಗಾರ್ಡಿಗೆ ತವರ ಹಿಡಿಸೋದು ಶೆಡ್ಡಿನಾಗೇ ನಡೆದಿತ್ತು, ಬ್ರೇಕು ಕಟ್ಟೋಕೆ ಮುಂಚೆ. ಕಾದ ತಗಡಿಗೆ ನವಸಾಗರ ಉದುರಿಸ್ತಾರಲ್ಲ, ಆ ಹೊಗೆ ನಂಗೆ ಹುಟ್ಟಿದ ಮನೆ ವಾಸನೆ ಇದ್ದಂಗೆ, ಅಷ್ಟು ರೂಢಿ. ಈ ಸಲ ಮೂಗಿಗೆ ಬಡಿದಿದ್ದೇ ತಡ ಓಡಿ ಹೋಗಿ ವಾಂತಿ ಮಾಡ್ಕಂಡೆ. ಯಾರೂ ನೋಡ್ಲಿಲ್ಲ. ಮಾರನೇ ದಿನದಿಂದ ಇವರು ಒಲೆ, ತಿದಿ, ಮಡ್‌ಗಾರ್ಡು ಎಲ್ಲ ತಳ್ಳೋ ಗಾಡಿ ಮ್ಯಾಲೆ ಹೇರ್ಕಂಡು ಹೊಳೆ ದಂಡಿಗೆ ಹೋಗಕ್ಕೆ ಹತ್ಯಾರೆ. ಕೇಳಿದ್ರೆ "ಅಲ್ಲಿ ಗಾಳಿ ಚಲೋ ಐತೆ" ಅಂತಾರೆ. ಮುಂಚೆ ಎಲ್ಲ ಸ್ಪಾನರ್ ಕೊಡು, ಬ್ಯಾಟರಿ ಹಿಡಿ ಅಂತ ಕರೀತಿದ್ರು. ಈಗ ಶೆಡ್ಡಿಗೆ ಕಾಲಿಟ್ರೆ "ನಿನಗೇನು ಕೆಲಸ ಇಲ್ಲಿ, ಒಳಗೆ ಹೋಗು" ಅಂತಾರೆ. ನನ್ನ ಮಾರಿ ನೋಡಕ್ಕೆ ಬ್ಯಾಸರ ಆಗೈತೆ ಅನ್ನಿಸ್ತದೆ. ಮಕ್ಕಳಿಲ್ಲದೋಳು ಅಂತ ಇರಬೇಕು. ಹೊಟ್ಟೆಯಾಗೆ ಇಟ್ಕಂಡು ಹೇಳದೇ ಇರೋದು ಎಂಥ ಸಂಕಟ ಗೊತ್ತೇನ್ರಿ.

ನಮ್ಮತ್ತೆ ಒಬ್ಬರೇ ಪ್ರೀತಿಯಿಂದ ಅದಾರೆ. "ನಿನಗೆ ಪಿತ್ತ ಜಾಸ್ತಿ ಆಗೈತೆ, ಈ ರಂಜಾನಿಗೆ ರೋಜಾ ಬ್ಯಾಡ" ಅಂತ ಅವರೇ ತಡೆದ್ರು. ಪಿತ್ತಕ್ಕೆ ಅಂತ ದಿನಾ ಹಾಲು ಕುಡಿಸ್ತಾರೆ. ಪಾಪ, ಅವರಿಗೆ ಏನೂ ಗೊತ್ತಿಲ್ಲ.

ಸಿದ್ದೀಕಾ


ನಾಗಪುರ
29 ಆಗಸ್ಟ್ 1979

ಹಯಾತ್ ಸಾಬರಿಗೆ,

ಸಿದ್ದೀಕಾ, ಇದನ್ನು ಒಂದಕ್ಷರ ಬಿಡದೆ ಓದಿ ಹೇಳು.

ಒಂದೇ ಬ್ರೇಕನ್ನು ಮತ್ತೆ ಮತ್ತೆ ಬಿಚ್ಚುವವರಿಗೆ ಅದನ್ನು ಕಟ್ಟಲು ಬರಲ್ಲ ಅಂತಲೇ ಅರ್ಥ. ಬರದಿದ್ದರೆ ಬರಲ್ಲ ಅನ್ನಿ, ಅದರಲ್ಲಿ ನಾಚಿಕೆ ಏನಿದೆ? ಮೈ ಕೆಲಸ ನಿಮ್ಮದು ಚೆನ್ನಾಗಿರಬಹುದು, ಇಲ್ಲ ಅನ್ನಲ್ಲ. ಬ್ರೇಕಿಗೆ ನಾನು ಬೇರೆಯವರನ್ನು ನೋಡ್ತೀನಿ. ದಾವಣಗೆರೆಯಲ್ಲಿ ಗ್ಯಾರೇಜಿಗೆ ಬರವಿಲ್ಲ. ಅಣ್ಣನಿಗೆ ಹೇಳಿ ಟ್ರಕ್ ಕಳಿಸಿ ಗಾಡಿಯನ್ನು ಹೊರಿಸಿಕೊಂಡು ಹೋಗ್ತೀನಿ. ಅವನು ನಗ್ತಾನೆ, ನಗಲಿ.

ಆವತ್ತು ಪೆಡಲ್ಲು ಪೂರ್ತಿ ನೆಲಕ್ಕೆ ಹೋಗಿ ಏನೂ ಆಗದೇ ಇದ್ದದ್ದು ನನ್ನ ಕಾಲಿಗೆ ಇನ್ನೂ ನೆನಪಿದೆ. ಎದುರಿಗೆ ಸೈಕಲ್ಲಿನವನು ಹುಲ್ಲಿನ ಹೊರೆ ಬಿಸಾಕಿ ಹಾರಿಕೊಂಡ. ಅವನ ಮುಖ ನಿಮಗೆ ಗೊತ್ತಿಲ್ಲ, ನನಗೆ ಗೊತ್ತು. ನಿಮ್ಮ ಉಸ್ತಾದರ ನೇಮ ನನಗೆ ತಿಳಿದಿದೆ. ನಿಮ್ಮ ಮನೆ ಮಂದಿಯನ್ನು ಕೂಡ್ರಿಸೋಕೆ ನಿಮಗೇ ಧೈರ್ಯ ಬರದ ಗಾಡಿಯಲ್ಲಿ ನನ್ನನ್ನು ಹೇಗೆ ಕೂಡ್ರಿಸ್ತೀರಿ?

ಉಮಾಮಹೇಶ್ವರಿ


ಹರಿಹರ
8 ಸೆಪ್ಟೆಂಬರ್ 1979

ಮೇಡಂ ಅವರಿಗೆ,

ಹೇಳಿದಂಗೆ ಪೂರ್ತಿ ಓದಿ ಹೇಳಿದೆ. ಮುಂಚೆ ನೀವು ಗದರಿಸಿ ಬರೆದ ಕಡೆ ನಾನು ಮೆತ್ತಗೆ ಮಾಡಿ ಓದ್ತಿದ್ದೆ. ಈ ಸಲ ಹಂಗೆ ಮಾಡ್ಲಿಲ್ಲ. ಇವರು ಕುಂತಲ್ಲೇ ಕೇಳಿಸ್ಕಂಡ್ರು. ಊಟಕ್ಕೆ ಏಳ್ಲಿಲ್ಲ. ಆಮ್ಯಾಲೆ ಇಷ್ಟು ಬರಿ ಅಂದ್ರು:

"ಬ್ರೇಕು ರೆಡಿ ಐತೆ. ಇದೇ ಇಪ್ಪತ್ತನೇ ತಾರೀಖು ಟ್ರಯಲ್ ಮಾಡ್ತೀನಿ. ಉಸ್ತಾದ್ ಹೇಳಿದಂಗೇ ಮಾಡ್ತೀನಿ. ಟ್ರಕ್ ಕಳಿಸಬ್ಯಾಡ್ರಿ."

ನಿಮ್ಮ ಮ್ಯಾಲೆ ನಂಗೆ ಸಿಟ್ಟು ಐತೆ. ನನ್ನ ಸಂಕಟ ನಿಮಗೊಬ್ಬರಿಗೇ ಹೇಳಿದ್ದೆ. ಮನೆ ಮಂದಿ ಅನ್ನೋ ಮಾತು ಎತ್ತಿದ್ರೆ ಆ ಮಂದಿ ಯಾರು ಅಂತ ನಿಮಗೆ ಗೊತ್ತಿತ್ತು. ನಮ್ಮನೆಯವರ ಕೆಲಸ ಕೆಟ್ಟದ್ದು ಅಂತ ದಾವಣಗೆರೆ ತುಂಬ ಮಾತಾಗಬಾರದು. ಇಪ್ಪತ್ತನೇ ತಾರೀಖು ನಾನು ಕೂಡ್ರತೀನಿ. ದೇವರು ಅದಾನೆ.

ಸಿದ್ದೀಕಾ


ನಾಗಪುರ
17 ಸೆಪ್ಟೆಂಬರ್ 1979

ಸಿದ್ದೀಕಾ,

ಕೂಡ್ರಬೇಡ. ನಿನ್ನ ಕಾಗದ ಇವತ್ತು ಕೈಗೆ ಬಂತು, ಇದು ಅಷ್ಟರೊಳಗೆ ಮುಟ್ಟುತ್ತೋ ಇಲ್ಲವೋ ಗೊತ್ತಿಲ್ಲ. ತಂತಿ ಕಳಿಸೋಣ ಅಂತ ಪೋಸ್ಟಾಫೀಸಿಗೆ ಹೋಗಿ ಫಾರಂ ಕೈಯಲ್ಲಿ ಹಿಡಿದು ನಿಂತೆ. ತಂತಿ ಬಂದರೆ ಯಾರೋ ಸತ್ತರು ಅಂತ ನಿನ್ನ ಅತ್ತೆ ಎದೆ ಒಡೆದುಕೊಳ್ತಾರೆ, ನಿನ್ನ ಗಂಡ ಅದನ್ನು ಬೀದಿಯಲ್ಲಿ ಯಾರ ಕೈಯಲ್ಲೋ ಓದಿಸ್ತಾನೆ. ಏನಂತ ಬರೀಲಿ ಅದರಲ್ಲಿ? ವಾಪಸ್ ಬಂದೆ.

ಇಲ್ಲಿ ನನ್ನ ದಸರಾ ರಜೆ ರದ್ದು ಮಾಡಿದ್ದಾರೆ. ಜೊತೆಯವನಿಗೆ ಕಾಮಾಲೆ. ಟ್ರಯಲ್ ಬೇಡ. ಗಾಡಿ ಒಂದು ವರ್ಷ ಶೆಡ್ಡಿನಲ್ಲೇ ಕೂತರೂ ಚಿಂತೆಯಿಲ್ಲ. ನಾನು ಬರೆದದ್ದು ತಪ್ಪು ಅಂತ ನಿನ್ನ ಗಂಡನಿಗೆ ಹೇಳು. ದಮ್ಮಯ್ಯ ಅಂತೀನಿ.

ಉಮಕ್ಕ


ಹರಿಹರ
21 ಸೆಪ್ಟೆಂಬರ್ 1979

ಉಮಕ್ಕಾರಿಗೆ,

ನಿಮ್ಮಿಂದ ಕಾಗದ ಇಲ್ಲ, ನಂಗೆ ತಡೆಯಕ್ಕೆ ಆಗ್ತಿಲ್ಲ, ಅದಕ್ಕೆ ಬರೀತೀನಿ. ಸಿಟ್ಟು ಎಲ್ಲ ಹೋಗೈತೆ.

ನಿನ್ನೆ ಬೆಳಗ್ಗೆ ಎದ್ದು ಸ್ನಾನ ಮಾಡಿ, ಎರಡು ರೊಟ್ಟಿ ತಿಂದು, ಬುರ್ಖಾ ಹಾಕ್ಕಂಡು, ಬಿಸ್ಮಿಲ್ಲಾ ಅಂತ ಹೊರಗೆ ಬಂದೆ. ನೋಡ್ತೀನಿ, ನನ್ನ ಸೀಟಿನಾಗೆ ಆಗಲೇ ನಮ್ಮತ್ತೆ ಕುಂತಾರೆ! ತಸ್ಬಿ ಮಣಿಸರ ಕೈಯಾಗೆ, ಎಲೆ ಅಡಿಕೆ ಚೀಲ ತೊಡಿ ಮ್ಯಾಲೆ. ಜೀವಮಾನದಾಗೆ ಬಸ್ಸು ಬಿಟ್ರೆ ಬ್ಯಾರೆ ಗಾಡಿ ಹತ್ತಿದೋರಲ್ಲ.

ಇವರು "ಅಮ್ಮಾ, ಇಳಿ. ಯಾರೂ ಹತ್ತೋದು ಬ್ಯಾಡ, ನಾನೊಬ್ಬನೇ ಹೋಗಿ ಬರ್ತೀನಿ" ಅಂದ್ರು. ನಾನು "ಹಂಗೆಂಗೆ? ನೇಮ ಐತಲ್ಲ, ನಾನು ಕೂಡ್ರತೀನಿ" ಅಂದೆ.

ಅತ್ತೆ ನನ್ನ ಕಡೆ ಕೈ ತೋರಿಸಿ ಏನಂದ್ರು ಗೊತ್ತೇನ್ರಿ? "ಇವಳು ಹೆಂಗೆ ಕೂಡ್ರತಾಳೆ? ಈ ಗಾಡ್ಯಾಗೆ ಇರೋದೇ ಎರಡು ಸೀಟು. ನೀನೊಬ್ಬ, ಇವಳು ಇಬ್ಬರು. ಮೂರು ಮಂದಿ ಹೇರಿದ್ರೆ ಪೊಲೀಸ್ನೋರು ಹಿಡೀತಾರೆ" ಅಂದ್ರು.

ಅಯ್ಯೋ ಅಕ್ಕಾರೆ! ಇವರು ಟೋಪಿ ತೆಗೆದು ಅಲ್ಲೇ ಗಾಡಿ ಪಕ್ಕಕ್ಕೆ ನೆಲದ ಮ್ಯಾಲೆ ಕುಂತುಬಿಟ್ರು. ಕುಂತು "ಅಮ್ಮಾ, ನಿನಗೂ ಗೊತ್ತಿತ್ತಾ?" ಅಂದ್ರು. ನಿನಗೂ ಅಂದ್ರು! ಆಮ್ಯಾಲೆ ಹೆಂಗಸರಂಗೆ ಅತ್ತರು. ಅಳ್ತಾ ಅಳ್ತಾ ನಕ್ಕರು.

ನಾನು ನವಸಾಗರದ ಹೊಗೆಗೆ ಓಡಿದ್ದನ್ನ ಇವರು ನೋಡಿದ್ರಂತೆ. ಕಲಾಯಿ ಮನೆ ಸೊಸೆ ನವಸಾಗರಕ್ಕೆ ವಾಂತಿ ಮಾಡ್ಕಂತಾಳೆ ಅಂದ್ರೆ ಇನ್ನೇನಿರ್ತದೆ ಅಂತ ಆವತ್ತೇ ತಿಳ್ಕಂಡ್ರಂತೆ. ಹೊಳೆ ದಂಡಿಗೆ ಹೋದದ್ದು ಗಾಳಿಗಲ್ಲ, ನನಗೆ. ಶೆಡ್ಡಿಗೆ ಬರಬ್ಯಾಡ ಅಂದದ್ದು ಬ್ಯಾಸರಕ್ಕಲ್ಲ, ಬಣ್ಣದ ತಿನ್ನರಿನ ವಾಸನೆಗೆ. ಬ್ರೇಕು ಜುಲೈನಾಗೇ ರೆಡಿ ಆಗಿತ್ತಂತೆ ರೀ! ಒಂದು ಹನಿ ಎಣ್ಣೆ ಜಿನುಗಿಲ್ಲ. ರೆಡಿ ಅಂದ್ರೆ ನನ್ನನ್ನ ಕುಂದ್ರಿಸಬೇಕಾಗ್ತದೆ ಅಂತ ಸುಮ್ಮ ಸುಮ್ಮನೆ ಬಿಚ್ಚಿ ಬಿಚ್ಚಿ ಕಟ್ಟ್ಯಾರೆ. "ಮತ್ತೆ ಗಾಡಿ ಕೆಳಗೆ ಮಲಗಿ ಏನು ಮಾಡ್ತಿದ್ರಿ?" ಅಂದೆ. "ನಿದ್ದಿ" ಅಂದ್ರು.

"ಬಾಯಿ ಬಿಟ್ಟು ಹೇಳಕ್ಕೆ ಏನಾಗಿತ್ತು? ನಾನು ಏನೇನೋ ತಿಳ್ಕಂಡು ಅತ್ತೀನಿ" ಅಂತ ಜಗಳ ತೆಗೆದೆ. "ನೀನು ಬಾಯಿ ಮುಚ್ಚಿರುವಾಗ ನಾನು ಹೆಂಗೆ ಬಿಡ್ಲಿ? ಎರಡು ಸಲ ಪೇಡೆ ಹಂಚಿದ ಕೈ ಇದೇ ಅಲ್ಲೇನು" ಅಂದ್ರು. ಅತ್ತೆ ಅಂತೂ ನನ್ನ ಪಿತ್ತಕ್ಕೆ ಹಾಲು ಕುಡಿಸ್ತಿದ್ದಾಗಿಂದ ಬಲ್ಲರಂತೆ. ಒಂದೇ ಮನ್ಯಾಗೆ ಮೂರು ಜನ ಒಂದೇ ವಿಷಯನ ಒಬ್ಬರಿಗೊಬ್ಬರು ಮುಚ್ಚಿಟ್ಕಂಡು ಓಡಾಡೀವಿ, ಹುಚ್ಚರಂಗೆ.

ನೀವು ಕಾಗದ ಹಂಗೆ ಬರೆದ ಮ್ಯಾಲೆ, ಟ್ರಕ್ ಬರದಿರ್ಲಿ ಅಂತ ನೇಮದಂಗೇ ಮಾಡ್ತೀನಿ ಅಂತ ಬರೆಸಿದ್ರೂ, ಇವರು ಮೊದಲನೇ ಸಲ ಉಸ್ತಾದರ ಮಾತು ಮುರಿದು ಒಬ್ಬರೇ ಹೋಗೋದು ಅಂತ ಮಾಡಿದ್ರಂತೆ. ನಮ್ಮತ್ತೆ ಮುರಿಯಕ್ಕೆ ಬಿಡ್ಲಿಲ್ಲ. "ನಾನು ಮನೆ ಮಂದಿ ಅಲ್ಲೇನು? ಹೊಡಿ ಗಾಡಿ" ಅಂದ್ರು.

ನಾನು ಇಳಿಜಾರಿನ ಈ ಕಡೆ ನಿಂತು ನೋಡಿದೆ. ಗಾಡಿ ಬಾಣದಂಗೆ ಹೋತು, ಅತ್ತೆ ಸೆರಗು ಪಟಪಟ ಅಂತಿತ್ತು. ಇವರು ಬ್ರೇಕು ಒತ್ತಿದ್ರು. ಗಾಡಿ ಆ ಕಡೆ ಈ ಕಡೆ ಒಂದಿಂಚು ಎಳೀಲಿಲ್ಲ, ನೆಟ್ಟಗೆ ನಿಂತುಬಿಡ್ತು. ಎಲೆ ಅಡಿಕೆ ಚೀಲ ಮಾತ್ರ ಹಾರಿ ರೋಡಿಗೆ ಬಿತ್ತು. ನಂಗೆ ಜೀವ ಬಂದಂಗಾತು. ಅತ್ತೆ ಸೆರಗು ಸರಿ ಮಾಡ್ಕಂಡು "ಇಷ್ಟೇನಾ? ಇನ್ನೊಂದು ಸಲ ಹೊಡಿ" ಅಂದ್ರಂತೆ.

ಈ ಸಲ ಪೇಡೆ ಹಂಚಿಲ್ಲ. ನಿಮಗೆ ಹೇಳೀನಿ, ಅಷ್ಟೇ.

ಸಿದ್ದೀಕಾ


ನಾಗಪುರ
3 ಅಕ್ಟೋಬರ್ 1979

ಸಿದ್ದೀಕಾ,

ನಿನ್ನ ಕಾಗದ ಬ್ಯಾಂಕಿಗೇ ಬಂತು. ಕವರು ಒಡೆಯೋಕೆ ಕೈ ಬರಲಿಲ್ಲ, ಮಧ್ಯಾಹ್ನದವರೆಗೆ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ. ಓದಿದ ಮೇಲೆ ಎಷ್ಟು ನಕ್ಕೆ ಅಂದರೆ ಪ್ಯೂನು ನೀರು ತಂದುಕೊಟ್ಟ. ಆಮೇಲೆ ಅಳು ಬಂತು, ಇನ್ನೊಂದು ಲೋಟ ತಂದ. ಇಷ್ಟು ದಿನ ಎದೆ ಮೇಲೆ ಕೂತಿದ್ದ ಕಲ್ಲು ಇಳಿಯಿತು ನೋಡು.

ನಾನು ಹಾಗೆ ಯಾಕೆ ಬರೆದೆ ಅಂತ ನಿನಗೆ ಹೇಳಬೇಕು. ಗಾಡಿಯನ್ನು ನಿಮ್ಮ ಶೆಡ್ಡಿನಿಂದ ಎತ್ತಿಸಿಬಿಟ್ಟರೆ ನೀನು ಕೂಡ್ರುವ ಮಾತೇ ಬರಲ್ಲ ಅಂತ ಲೆಕ್ಕ ಹಾಕಿದ್ದೆ. ಅದು ನಿಜ, ಆದರೆ ಅರ್ಧ. ಉಳಿದರ್ಧ ನನ್ನ ಹೆದರಿಕೆ. ಆವತ್ತಿನಿಂದ ನಾನು ಸ್ಟಿಯರಿಂಗ್ ಮುಟ್ಟಿಲ್ಲ. ಇಲ್ಲಿ ಬ್ಯಾಂಕಿನ ಜೀಪು ಓಡಿಸಿಕೊಂಡು ಹೋಗಿ ಅಂದರೆ ಏನೋ ನೆಪ ಹೇಳಿ ಸೈಕಲ್ ರಿಕ್ಷಾ ಹತ್ತುತ್ತೀನಿ. ನಾನೇ ಓಡಿಸಿಕೊಂಡು ಊರಿಗೆ ಹೋಗ್ತೀನಿ ಅಂತ ಜಂಬ ಕೊಚ್ಚಿದ್ದೆನಲ್ಲ, ಅದನ್ನು ಬರೆಯುವಾಗಲೂ ಕೈ ನಡುಗ್ತಿತ್ತು. ಇದನ್ನು ಯಾರಿಗೂ ಹೇಳಿಲ್ಲ. ನೀನು ಪೆನ್ನಿನಲ್ಲಿ ಹೇಳಿದೆಯಲ್ಲ, ನಾನೂ ಪೆನ್ನಿನಲ್ಲೇ ಹೇಳ್ತಿದ್ದೀನಿ.

ಗಾಡಿ ಅಲ್ಲೇ ಇರಲಿ. ನಾನು ಬಂದಾಗ ಹಯಾತ್ ಸಾಬರೇ ದಾವಣಗೆರೆಗೆ ಓಡಿಸಿ ಮನೆ ಮುಂದೆ ನಿಲ್ಲಿಸಲಿ. ನನ್ನಿಂದ ಆಗಲ್ಲ.

ಉಮಕ್ಕ


ಮಲೆಬೆನ್ನೂರು
20 ಫೆಬ್ರವರಿ 1980

ಉಮಕ್ಕಾರಿಗೆ,

ಹೆಣ್ಣು ಮಗು! ಹೋದ ವಾರ ಬೆಳಗ್ಗೆ ಹೊತ್ತು ಮೂಡೋವಾಗ, ಇಲ್ಲೇ ತವರು ಮನ್ಯಾಗೆ. ತಾಯಿ ಮಗು ಇಬ್ಬರೂ ಚಲೋ ಅದೀವಿ. ಅಳು ಅಂದ್ರೆ ಅಳು, ಲಾರಿ ಹಾರನ್ನು ಕೇಳಿದಂಗೆ ಆಗ್ತದೆ. ನಂಗೆ ಆ ಸದ್ದು ಎಷ್ಟು ಕೇಳಿದ್ರೂ ಸಾಕಾಗಲ್ಲ. ಇದ್ದಾಳೆ, ಇದ್ದಾಳೆ ಅಂತ ಹೇಳಿದಂಗೆ ಇರ್ತದೆ.

ಹಜೀರಾಬೀ ಅತ್ತೆ ಬಂದು ನೋಡಿ ಹೋದ್ರು. ಮಗುನ ಎತ್ತಿಕಂಡು ಮೊದಲು ಹೇಳಿದ್ದು ಬ್ರೇಕಿನ ಕಥೆ. ಈಗ ಹರಿಹರದ ಬಜಾರಿನಾಗೆ ಅವರು ಕಾರಿನೋರು.

ಇವರು ಪಕ್ಕದಾಗೇ ಕುಂತಾರೆ. ಬರಿ ಅಂತಾರೆ, ಬರೀತೀನಿ:

"ಅಕ್ಕಾರೆ, ಗಾಡಿ ಹೊಸ ಬಣ್ಣ ಹಾಕ್ಕಂಡು ಟಾರ್ಪಾಲಿನ ಕೆಳಗೆ ಕುಂತೈತೆ. ವಾರಕ್ಕೊಮ್ಮೆ ಚಾಲೂ ಮಾಡ್ತೀನಿ. ನೀವು ಆಗಲ್ಲ ಅಂತ ಬರೆದದ್ದನ್ನ ಸಿದ್ದೀಕಾ ಓದಿ ಹೇಳಿದ್ಲು. ಬೈಬ್ಯಾಡ್ರಿ, ಈಗ ನಮ್ಮ ಮನ್ಯಾಗೆ ಮುಚ್ಚಿಡೋದು ಬಿಟ್ಟೀವಿ. ಕೈ ನಡುಗಿದ್ರೆ ನಡುಗ್ಲಿ ಬಿಡ್ರಿ. ಬ್ರೇಕು ಇರೋದು ಕಾಲಾಗೆ. ನಾನು ದಾವಣಗೆರೆಗೆ ಓಡಿಸಲ್ಲ."

ಇನ್ನು ನಂದು. ನಲವತ್ತು ದಿನ ಮುಗಿದ ಮ್ಯಾಲೆ ನಾನೂ ಮಗಳೂ ಹರಿಹರಕ್ಕೆ ಹೋಗಬೇಕು. ಬಸ್ಸಿನಾಗೆ ಹಸುಗೂಸು ಎತ್ತಿಕಂಡು ಹೋಗೋದು ಬ್ಯಾಡ ಅಂತ ನಮ್ಮವ್ವ ಹಟ ಹಿಡಿದಾರೆ. ನೀವು ಬಂದು ಕರ್ಕಂಡು ಹೋಗ್ರಿ. ಅದೇ ಗಾಡಿ, ಅದೇ ರೋಡು, ನಂಗೆ ಗೊತ್ತೈತೆ. ಆವತ್ತು ಟ್ರಯಲ್ಲಿಗೆ ನಾನು ಕೂಡ್ರಲಿಲ್ಲ. ಈ ಸಲ ಕೂಡ್ರತೀನಿ, ಮಗಳನ್ನ ತೊಡಿ ಮ್ಯಾಲೆ ಇಟ್ಕಂಡು. ಇವರು ಗಾಡಿನ ಇಲ್ಲಿ ತನಕ ತಂದುಕೊಟ್ಟು ವಾಪಸ್ ಬಸ್ಸಿಗೆ ಬರ್ಲಿ.

ಸಿದ್ದೀಕಾ


ನಾಗಪುರ
7 ಏಪ್ರಿಲ್ 1980

ಸಿದ್ದೀಕಾ,

ಸುಖವಾಗಿ ಬಂದು ಮುಟ್ಟಿದೆ. ರೈಲಿನಲ್ಲಿ ಎರಡು ದಿನ ನಿದ್ದೆ, ಎಷ್ಟೋ ತಿಂಗಳ ನಿದ್ದೆ. ಗಾಡಿ ಕೆ.ಬಿ. ಬಡಾವಣೆಯಲ್ಲಿ ನೆರಳಲ್ಲಿದೆ. ಅಣ್ಣ ಸುತ್ತಲೂ ಒಂದು ಸುತ್ತು ಹಾಕಿ, ಬಗ್ಗಿ ತಳ ನೋಡಿ, "ಯಾರು ಮಾಡಿದ್ದು?" ಅಂತ ಕೇಳಿದ. ಹರಿಹರದ ಹಯಾತ್ ಸಾಬ್ ಅಂದೆ. ಗುಜರಿಯ ಮಾತೆತ್ತಲಿಲ್ಲ.

ಹಯಾತ್ ಸಾಬರು ಬಸ್ಸಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನಮ್ಮನ್ನೇ ನೋಡ್ತಾ ಹೋದದ್ದು ನೆನೆಸಿಕೊಂಡರೆ ಈಗಲೂ ನಗು ಬರ್ತದೆ.

ಮಲೆಬೆನ್ನೂರು ಬಿಟ್ಟು ಸ್ವಲ್ಪ ದೂರ ಬಂದ ಮೇಲೆ ಚಾನಲ್ಲಿನ ತಿರುವಿನಲ್ಲಿ ನಾನು ಗಾಡಿ ನಿಲ್ಲಿಸಿದೆ. ಎದುರಿಗೆ ಎತ್ತೂ ಇರಲಿಲ್ಲ, ಸೈಕಲ್ಲೂ ಇರಲಿಲ್ಲ. ಯಾಕೆ ಅಂತ ನೀನು ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ ನಿನಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಅದೇ ಗದ್ದೆ ಕಣೇ ಅದು. ಆವತ್ತು ಪೆಡಲ್ಲು ನೆಲಕ್ಕೆ ಹೋದ ಜಾಗ ಅದೇ. ಕಾಲು ತಾನಾಗೇ ಹೋಗಿ ಒತ್ತಿತು. ಗಾಡಿ ನಿಂತಿತು.

ನಿಂತಿತು ಅಂದರೆ ಹೇಗೆ, ಯಾರೋ ಭುಜ ಹಿಡಿದು ಕೂಡ್ರಿಸಿದ ಹಾಗೆ. ನಾನು ಮೊದಲು ನೋಡಿದ್ದು ನಿನ್ನ ತೊಡೆಯ ಕಡೆ. ಬ್ರೇಕು ಚೆನ್ನಾಗಿದೆ ಅಂತ ನಿನ್ನ ಗಂಡನಿಗೆ ಹೇಳು, ಪೂರ್ತಿ ಓದಿ ಹೇಳು. ಮಗು ಏಳಲೂ ಇಲ್ಲ.

ಉಮಕ್ಕ